ಬಾಯಿ ಬಿಡದ ಲಹಾನ್ಯಾ

ಗೋವಿಂದ ನಿಹಲಾನಿ 1940ರಲ್ಲಿ ಕರಾಚಿಯಲ್ಲಿ ಹುಟ್ಟಿ, ದೇಶ ಒಡೆದಾಗ ಗುಳೆ ಬಂದ ಮನೆಯವರು. ಕ್ಯಾಮರಾ ಕಲಿತದ್ದು ನಮ್ಮ ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ; ಪಳಗಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ‘ಕಾಡು’ (1973), ‘ಅಂಕುರ್’ (1974) ಚಿತ್ರಗಳ ಗೌಡರ, ಜಮೀನ್ದಾರರ ದರ್ಬಾರನ್ನು ನಾವು ನೋಡಿದ್ದು ಇವರ ಕ್ಯಾಮರಾದಿಂದಲೇ.

1980ರಲ್ಲಿ ‘ಆಕ್ರೋಶ್’ ಚಿತ್ರವನ್ನು ತಾವೇ ನಿರ್ದೇಶಿಸಿದರು. ಹೆಂಗಸಿನ ಮೇಲೆ ಅತ್ಯಾಚಾರ ಮಾಡಿ ಕೊಂದವರು ಊರಿನ ದೊಡ್ಡವರು. ಕಟಕಟೆ ಹತ್ತಿದವನು ಅವಳ ಗಂಡ, ಆದಿವಾಸಿ ಲಹಾನ್ಯಾ. ವಕೀಲ ಎಷ್ಟು ಕೇಳಿದರೂ ಬಾಯಿ ಬಿಡೋದಿಲ್ಲ. ಯಾರ ಮುಂದೆ ಬಿಡಬೇಕು ಸ್ವಾಮಿ? ಓಂ ಪುರಿಯ ಕಣ್ಣಿನ ಮೇಲೆ ಕ್ಯಾಮರಾ ನಿಂತಾಗ ಕೋರ್ಟಿನ ಮಾತೆಲ್ಲ ಬರೀ ಗದ್ದಲ. ಸರ್ಕಾರಿ ವಕೀಲನೂ ಆದಿವಾಸಿಯೇ. ಕರಿಕೋಟು ಹಾಕಿದರೂ ಫೋನಿನಲ್ಲಿ ಜಾತಿ ಹಿಡಿದು ಬೈಯೋದು ತಪ್ಪಲಿಲ್ಲ.

1988ರಲ್ಲಿ ದೂರದರ್ಶನದಲ್ಲಿ ‘ತಮಸ್’ ಬಂತು. ಅದೇ ಓಂ ಪುರಿ, ಈಗ ಚರ್ಮದ ಕೆಲಸದ ನಾಥು. ದುಡ್ಡು ಕೊಟ್ಟು ಅವನ ಕೈಲಿ ಹಂದಿ ಕೊಲ್ಲಿಸುತ್ತಾರೆ. ಅದು ಮಸೀದಿ ಮೆಟ್ಟಿಲ ಮೇಲೆ ಬೀಳುತ್ತದೆ. ಊರು ಹೊತ್ತಿಕೊಂಡ ಮೇಲೆ ಆ ಪಾಪ ಹೊತ್ತು ಅಲೆಯುವವನು ನಾಥು, ಕೊಲ್ಲಿಸಿದವನಲ್ಲ.