ಮಾತು ಹೋದವನ ಬೆರಳುಗಳು

ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರು, ಒಳ್ಳೆಯ ಕನ್ನಡ ಪಂಡಿತರು, ನಿವೃತ್ತರಾದ ಎರಡನೆಯ ವರ್ಷ ಲಕ್ವ ಹೊಡೆದು ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಳೆದುಕೊಂಡರು. ಅವರ ಬಾಯಲ್ಲಿ ಉಳಿದದ್ದು ‘ಅದೇ, ಅದೇ’ ಎಂಬ ಒಂದೇ ನುಡಿ. ನೋಡಲು ಬಂದವರು ಅವರ ಎದುರಿಗೇ ‘ಪಾಪ, ಬುದ್ಧಿಯೂ ಹೋಯಿತು’ ಎಂದು ಮರುಗಿ ಹೋಗುತ್ತಿದ್ದರು. ನಾನೂ ಹಾಗೆಯೇ ಎಣಿಸಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ಆ ಎಣಿಕೆಯನ್ನು ತಿದ್ದಿದ್ದು ನೂರೈವತ್ತು ವರ್ಷಗಳಿಗೂ ಹಿಂದೆ ಪ್ಯಾರಿಸ್ಸಿನ ಬಳಿ ನಡೆದ ಒಂದು ವೃತ್ತಾಂತ.

ಅಲ್ಲಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಪಾದರಕ್ಷೆ ಹೊಲಿಯುವವರಿಗೆ ಬೇಕಾದ ಮರದ ಅಚ್ಚುಗಳನ್ನು ಮಾಡುವುದು ಅವನ ಕಸುಬಾಗಿತ್ತು. ಚಿಕ್ಕಂದಿನಿಂದ ಮೂರ್ಛೆರೋಗ, ಮೂವತ್ತನೆಯ ವಯಸ್ಸಿನಲ್ಲಿ ಮಾತು ನಿಂತಿತು. ಏನು ಕೇಳಿದರೂ ‘ತಾನ್, ತಾನ್’. ಆಸ್ಪತ್ರೆಯವರು ಅವನನ್ನು ತಾನ್ ಎಂದೇ ಕರೆದರು. ಕ್ರಮೇಣ ಬಲಗೈ ಹೋಯಿತು, ಬಲಗಾಲೂ ಹೋಯಿತು. 1861ರ ಏಪ್ರಿಲಿನಲ್ಲಿ ಕಾಲು ಕೊಳೆತು, ಅವನು ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಕೈಗೆ ಬಂದ.

‘ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?’ ಎಂದು ಬ್ರೋಕಾ ಕೇಳಿದ. ಲೆಬೋರ್ನ್ ಎಡಗೈಯನ್ನು ನಾಲ್ಕು ಸಲ ಬಿಚ್ಚಿ ಮುಚ್ಚಿ, ಕೊನೆಗೆ ಒಂದು ಬೆರಳನ್ನು ಎತ್ತಿದ. ಲೆಕ್ಕ ಹಾಕಿರಿ: 21. ಅದು ಸರಿಯಾದ ಉತ್ತರವೇ ಆಗಿತ್ತು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮತ್ತೊಮ್ಮೆ ಕೇಳಿದಾಗ, ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ಅರಿತು ಅವನು ಸಿಟ್ಟಿಗೆದ್ದ. ದೇವರ ಹೆಸರು ಕೂಡಿದ ಒಂದು ಬೈಗುಳ ಸ್ಪಷ್ಟವಾಗಿ ಹೊರಬಿತ್ತು! ಇಪ್ಪತ್ತೊಂದು ವರ್ಷ ‘ತಾನ್’ ಎಂದವನಿಗೆ ಬೈಗುಳ ಬಂದೀತು, ಹೆಸರು ಬಾರದು. ಇದು ಎಂಥ ವಿಚಿತ್ರ!

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡ. ಮರುದಿನವೇ ಬ್ರೋಕಾ ಅವನ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟ. ಎಡಭಾಗದಲ್ಲಿ, ಹಣೆಯ ಹಿಂದಿನ ಹಾಲೆಯಲ್ಲಿ ಗಾಯವಿತ್ತು. ಅದೇ ವರ್ಷ ಎಂಬತ್ತನಾಲ್ಕರ ಲೆಲಾಂಗ್ ಎಂಬ ಇನ್ನೊಬ್ಬ ರೋಗಿ ಸಿಕ್ಕಿದ. ಅವನಿಗೆ ಉಳಿದಿದ್ದುದು ಐದೇ ಮಾತು. ಯಾವ ಸಂಖ್ಯೆಗೂ ‘ಮೂರು’ ಎನ್ನುತ್ತಿದ್ದ. ಮಕ್ಕಳೆಷ್ಟು? ‘ಮೂರು’ ಎಂದು ನಾಲ್ಕು ಬೆರಳು ತೋರಿಸಿದ. ಗಂಡುಮಕ್ಕಳು? ‘ಮೂರು’ ಎಂದು ಎರಡು ಬೆರಳು. ನಾಲಗೆ ತಪ್ಪುತ್ತಿತ್ತು, ಬೆರಳು ತಪ್ಪುತ್ತಿರಲಿಲ್ಲ. ಅವನ ಮಿದುಳಿನ ಗಾಯವೂ ಹೆಚ್ಚುಕಡಮೆ ಅದೇ ಎಡೆಯಲ್ಲಿತ್ತು. ನಾವು ಎಡ ಮಿದುಳಿನಿಂದ ಮಾತನಾಡುತ್ತೇವೆಂದು 1865ರಲ್ಲಿ ಬ್ರೋಕಾ ಸಾರಿದ. ‘ಅಫೇಸಿಯ’ ಎಂಬ ಹೆಸರು ಮಾತ್ರ ಅವನದಲ್ಲ. ಅದನ್ನು 1864ರಲ್ಲಿ ಟ್ರೂಸೋ ಬಳಕೆಗೆ ತಂದ.

1874ರಲ್ಲಿ ಬ್ರೆಸ್ಲೌ ನಗರದ ವೆರ್ನಿಕೆ, ಇನ್ನೂ ಇಪ್ಪತ್ತಾರರ ತರುಣ, ಇದರ ಮಗ್ಗುಲನ್ನೇ ಬದಲಿಸಿ ತೋರಿಸಿದ. ಕೆಲವರಿಗೆ ಮಾತು ಹರಿಯುತ್ತದೆ, ಆದರೆ ಹುರುಳಿಲ್ಲ. ಪರರ ಮಾತೂ ತಿಳಿಯದು. ಅಂಥವರಿಗೆ ಗಾಯ ಇನ್ನೂ ಹಿಂದೆ, ಕಿವಿಯ ಬಳಿಯ ಹಾಲೆಯಲ್ಲಿ. ಇದನ್ನೋದುವಾಗ ಪಂಡಿತನಾದ ನನಗೆ ಭರ್ತೃಹರಿ ನೆನಪಾಗದಿರುವುದುಂಟೆ? ಕಿವಿಗೆ ಕೇಳುವ ವೈಖರಿ, ಅದರ ಹಿಂದೆ ಮನಸ್ಸಿನಲ್ಲಿ ಕ್ರಮಗೊಳ್ಳುವ ಮಧ್ಯಮಾ! ಹಾಗೆಂದು ಎಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಜಂಬ ಕೊಚ್ಚಲಾರೆ. ಅವನು ವಿಚಾರಿಸಿದ್ದು ಶಬ್ದತತ್ತ್ವವನ್ನು, ಮಿದುಳನ್ನಲ್ಲ.

ಚಿಕಿತ್ಸೆ ಬೆಳೆದದ್ದು ಬಹುಮಟ್ಟಿಗೆ ಮಹಾಯುದ್ಧಗಳ ತಲೆಗಾಯದ ಸೈನಿಕರಿಂದ. ಸೋವಿಯತ್ ದೇಶದ ಲೂರಿಯಾನ ಹೆಸರು ಇಲ್ಲಿ ಮುಖ್ಯ. ಸಂಗೀತದ ದಾರಿ ಬೇರೆ. ಮಾತಾಡಲಾರದ ಒಬ್ಬನು ಸ್ತೋತ್ರಗೀತೆ ಹಾಡುತ್ತಿದ್ದನೆಂದು 1745ರಷ್ಟು ಹಿಂದೆಯೇ ಸ್ವೀಡನ್ನಿನಲ್ಲಿ ಬರೆದಿಟ್ಟಿದ್ದರು. ಬಾಸ್ಟನ್ನಿನ ವೈದ್ಯರು 1973ರಲ್ಲಿ ಅದನ್ನೇ ಒಂದು ಕ್ರಮವಾಗಿ ರೂಪಿಸಿದರು: ಚಿಕ್ಕ ನುಡಿಯೊಂದನ್ನು ರಾಗವಾಗಿ ಎಳೆದು, ಎಡಗೈಯಲ್ಲಿ ತಾಳ ತಟ್ಟಿಸುತ್ತ ನುಡಿಸುವುದು. ಇದು ಎಲ್ಲರಿಗೂ ಹಿಡಿಸುವ ಮದ್ದಲ್ಲ. ತಿಳಿವಳಿಕೆ ಉಳಿದು ನುಡಿ ಮಾತ್ರ ಕಟ್ಟಿಹೋದವರಿಗೆ ಹೆಚ್ಚು ಒಪ್ಪುತ್ತದೆ.

ನಮ್ಮಲ್ಲಿ ಈ ವಿದ್ಯೆಗೆ ನೆಲೆಯಾದದ್ದು 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಅಫೇಸಿಯ ಅಳೆಯುವ ಪರೀಕ್ಷೆ ಕನ್ನಡದಲ್ಲಿಯೂ ಸಿದ್ಧವಾಗಿದೆ. ಅದು ಕನ್ನಡದ್ದೇ ಆಗಿರಬೇಕು, ಇಂಗ್ಲಿಷಿನ ಭಾಷಾಂತರ ಸಾಲದು; ಅಲ್ಲಿ ಪದಕ್ಕೆ ಮುಂಚೆ ಬರುವ ಕಿರುಶಬ್ದದ ಕೆಲಸವನ್ನು ಇಲ್ಲಿ ಪದದ ಕೊನೆಯ ವಿಭಕ್ತಿ ಮಾಡುತ್ತದೆ.

ಲೆಬೋರ್ನನ ಮಿದುಳನ್ನು ಅಂದೇ ಕಾಪಿಟ್ಟಿದ್ದರು. 2007ರಲ್ಲಿ ಅದರ ಚಿತ್ರ ತೆಗೆದಾಗ, ಗಾಯ ಬ್ರೋಕಾ ಕಂಡುದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತೆಂದು ತಿಳಿಯಿತು. ಅವನ ಪೂರ್ಣ ಹೆಸರು ಲೂಯಿ ವಿಕ್ಟರ್ ಲೆಬೋರ್ನ್ ಎಂದು ಪ್ರಕಟವಾದದ್ದು 2013ರಲ್ಲಿ. ಮಿದುಳಿಗೆ ದೊರೆತ ಗೌರವ ಮನುಷ್ಯನಿಗೆ ಬರಲು ಇಷ್ಟು ಕಾಲ ಹಿಡಿಯಿತು.

ಇನ್ನು ನಮ್ಮ ಪಂಡಿತರ ವಿಷಯ. ಎದುರು ಕುಳಿತು ಚಿಕ್ಕ ಮಾತಾಡಿ, ಕೂಗಬೇಡಿ, ಅವರು ಕಿವುಡರಲ್ಲ. ಕೇಳಿ ಕಾಯಿರಿ ಎಂದು ವಾಕ್‌ಚಿಕಿತ್ಸಕಿ ಮನೆಯವರಿಗೆ ಹೇಳಿಕೊಟ್ಟರಂತೆ. ಮುಂದಿನ ಸಲ ಹೋದಾಗ ನಾನು ಕುಮಾರವ್ಯಾಸನ ಒಂದು ಷಟ್ಪದಿಯನ್ನು ನಿಧಾನವಾಗಿ ಓದಿದೆ. ಮೂರನೆಯ ಸಾಲಿನಲ್ಲಿ ಒಂದು ಪದ ತಪ್ಪಿತು. ಅವರು ಎಡಗೈಯಿಂದ ಮಂಚವನ್ನು ಬಡಿದು ‘ಅದೇ! ಅದೇ!’ ಎಂದು ಗದರಿದರು. ನಾನು ತಿದ್ದಿ ಓದುವವರೆಗೂ ಬಿಡಲಿಲ್ಲ.