ಬಾಡುವ ಹೂವಿನ ಚೆಲುವು: ಸಭೆಯ ಚರಿತ್ರೆಯಲ್ಲಿ ಒಂದು ಹೋಲಿಕೆ

ಶವಸಂಸ್ಕಾರದ ಆರಾಧನೆಯಲ್ಲಿ ನಾವು ಮತ್ತೆ ಮತ್ತೆ ಆಶ್ರಯಿಸುವ ವೇದಭಾಗಗಳಲ್ಲಿ ಯೆಶಾಯನ 40ನೆಯ ಅಧ್ಯಾಯವೂ 103ನೆಯ ಕೀರ್ತನೆಯೂ ಸೇರಿವೆ. ಎರಡರಲ್ಲಿಯೂ ಮನುಷ್ಯನು ಹುಲ್ಲಿಗೂ ಅಡವಿಯ ಹೂವಿಗೂ ಹೋಲಿಸಲ್ಪಟ್ಟಿದ್ದಾನೆ. ಈ ಹೋಲಿಕೆಯನ್ನು ನಾವು ಸಾಮಾನ್ಯವಾಗಿ ಎಚ್ಚರಿಕೆಯಾಗಿ ಬೋಧಿಸುತ್ತೇವೆ: ಆಯುಸ್ಸು ಅಲ್ಪ, ಲೋಕದ ಸೊಬಗು ನಿಲ್ಲದು, ಆದುದರಿಂದ ಶಾಶ್ವತವಾದುದನ್ನು ಹುಡುಕಬೇಕು. ಈ ಬೋಧನೆ ಸತ್ಯವೇ. ಆದರೆ ಬಾಡುವ ಹೂವಿನಲ್ಲಿ ಎಚ್ಚರಿಕೆಯನ್ನು ಮಾತ್ರ ಕಾಣಲು ಕಲಿತ ಬೋಧಕನು ಹಾಸಿಗೆ ಹಿಡಿದ ವೃದ್ಧರ ಬಳಿ ಕುಳಿತು ಏನು ಹೇಳಬಲ್ಲನು? ಕ್ಷೀಣಿಸುತ್ತಿರುವ ಆ ದೇಹವನ್ನು ಇತರರಿಗೆ ಪಾಠವೆಂದು ಎಣಿಸಬೇಕೋ, ಈಗಲೂ ದೇವರ ಕೈಕೆಲಸವೆಂದು ಗೌರವಿಸಬೇಕೋ? ಈ ಪ್ರಶ್ನೆಗೆ ಸಭೆಯ ಚರಿತ್ರೆಯಲ್ಲಿ ದೊರೆತ ಕೆಲವು ಉತ್ತರಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಮೂಲಪದವನ್ನು ಗಮನಿಸೋಣ. ಸೆರೆಯಲ್ಲಿದ್ದ ಜನರಿಗೆ ಸಮಾಧಾನ ಹೇಳುವ ಯೆಶಾಯ 40:6ರಲ್ಲಿ ಅಡವಿಯ ಹೂವಿಗೆ ಹೋಲಿಸಲ್ಪಟ್ಟದ್ದು ಮನುಷ್ಯನ ‘ಹೆಸೆದ್’. ಹೀಬ್ರೂ ಶಾಸ್ತ್ರದಲ್ಲಿ ಈ ಪದವು ಬಹುಮಟ್ಟಿಗೆ ಒಡಂಬಡಿಕೆಯ ಪ್ರೀತಿಯನ್ನು, ಮಾತಿಗೆ ತಪ್ಪದ ಕೃಪೆಯನ್ನು ಸೂಚಿಸುತ್ತದೆ. ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಇಲ್ಲಿ ಮಹಿಮೆ ಎಂಬರ್ಥದ ‘ದೊಕ್ಸ’ ಎಂಬ ಪದವನ್ನಿಟ್ಟಿತು. 1 ಪೇತ್ರ 1:24 ಅದನ್ನೇ ಅನುಸರಿಸಿತು. 103ನೆಯ ಕೀರ್ತನೆಯಾದರೋ ಗಾಳಿ ಬಡಿದು ಇಲ್ಲವಾಗುವ ಹೂವನ್ನು ಹೇಳಿದ ಮರುವಚನದಲ್ಲಿಯೇ ಯೆಹೋವನ ಹೆಸೆದ್ ಯುಗಯುಗಕ್ಕೂ ಇರುವುದೆಂದು ಸಾರುತ್ತದೆ. ಎರಡನ್ನೂ ಕೂಡಿಸಿ ಓದಿದಾಗ ಅರ್ಥ ಸ್ಪಷ್ಟವಾಗುತ್ತದೆ: ಮನುಷ್ಯನ ಹೆಸೆದ್ ಬಾಡುತ್ತದೆ, ದೇವರದು ಬಾಡದು, ಮತ್ತು ಅದು ಬಾಡುವವರ ಮೇಲೆಯೇ ನೆಲೆಸಿದೆ. ಕರ್ತನು ಮತ್ತಾಯ 6ರಲ್ಲಿ ಇನ್ನೂ ಮುಂದೆ ಹೋಗಿ, ನಾಳೆ ಒಲೆಯ ಪಾಲಾಗುವ ಹುಲ್ಲಿನ ಉಡುಗೆಯನ್ನು ಸೊಲೊಮೋನನ ವೈಭವಕ್ಕಿಂತ ಮೇಲೆಂದನು. ಚೆಲುವಿಗೆ ಆತನು ಕೊಟ್ಟ ಕಾರಣ ದೇವರು ಉಡಿಸಿದನೆಂಬುದೊಂದೇ. ಹೂವಿನ ಆಯುಸ್ಸಿನ ಲೆಕ್ಕ ಅದಕ್ಕೆ ಅಡ್ಡಿಯಾಗಲಿಲ್ಲ.

ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೈಯದ ಬಿಷಪರಾಗಿದ್ದ ಮಹಾ ಬಾಸಿಲರು ಸೃಷ್ಟಿಯ ಆರು ದಿನಗಳ ಕುರಿತು ಪ್ರಸಂಗಗಳನ್ನು ಮಾಡಿದರು. ಐದನೆಯ ಪ್ರಸಂಗದ ವಿಷಯ ಭೂಮಿ ಮೊಳೆಯಿಸಿದ ಸಸ್ಯಗಳು. ಅಲ್ಲಿ ಅವರು ಯೆಶಾಯನ ಹುಲ್ಲನ್ನು ನೆನಪಿಸಿ, ಇಂದು ದೃಢಕಾಯನಾಗಿರುವವನು ನಾಳೆ ರೋಗದಿಂದ ಕುಗ್ಗುವುದನ್ನು ವರ್ಣಿಸುತ್ತಾರೆ. ಅತ್ಯಲ್ಪವಾದ ಗಿಡವೂ ಸೃಷ್ಟಿಕರ್ತನ ಸ್ಪಷ್ಟ ಸ್ಮರಣೆಯನ್ನು ತರಬೇಕೆಂಬುದೂ ಅದೇ ಪ್ರಸಂಗದ ಹಾರೈಕೆ. ಎಚ್ಚರಿಕೆ ಮತ್ತು ಬೆರಗು ಅವರಲ್ಲಿ ಬೇರ್ಪಡಲಿಲ್ಲ. ಸುಮಾರು 369ರ ಕ್ಷಾಮದಲ್ಲಿ ಹಸಿದವರಿಗೆ ಅನ್ನವಿತ್ತವರೂ, ಪಟ್ಟಣದ ಹೊರಗೆ ಬಡವರಿಗೂ ಕುಷ್ಠರೋಗಿಗಳಿಗೂ ಆಶ್ರಯಸ್ಥಾನ ಕಟ್ಟಿಸಿದವರೂ ಇವರೇ ಎಂಬುದನ್ನು ನಾವು ಮರೆಯಲಾಗದು. ದೇಹವು ಹುಲ್ಲೆಂದು ಬೋಧಿಸಿದವರು ಆ ದೇಹವನ್ನು ಅಲಕ್ಷಿಸಲಿಲ್ಲ.

ಹನ್ನೆರಡು ಶತಮಾನಗಳ ಬಳಿಕ ಇದೇ ಹೋಲಿಕೆ ಪ್ರಸಂಗಪೀಠದಿಂದ ಚಿತ್ರಪಟಕ್ಕೆ ಬಂದಿತು. 1595ರಿಂದ 1631ರವರೆಗೆ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಫೆದೆರಿಕೊ ಬೊರೊಮಿಯೊ ಅವರಿಗಾಗಿ ಫ್ಲಾಂಡರ್ಸ್‌ನ ಯಾನ್ ಬ್ರೂಗಲ್ 1606ರಲ್ಲಿ ಹೂದಾನಿಯೊಂದನ್ನು ಚಿತ್ರಿಸಿದರು. ಬೇರೆ ಬೇರೆ ಋತುಗಳಲ್ಲಿ ಅರಳುವ ಹೂಗಳು ಅದರಲ್ಲಿ ಒಟ್ಟಾಗಿ ಅರಳಿವೆ. ಆಂಟ್‌ವರ್ಪ್‌ನಲ್ಲಿ ದೊರೆಯದ ಹೂಗಳನ್ನು ಚಿತ್ರಕಾರರು ಬ್ರಸೆಲ್ಸ್‌ಗೆ ಹೋಗಿ ನೋಡಿ ಬರೆದರು. ಹೊರಗೆಲ್ಲ ಹಿಮ ಕವಿದ ಚಳಿಗಾಲದಲ್ಲಿ ಬಾಡದ ಈ ಬಣ್ಣಗಳು ತಮಗೆ ಸಂತೋಷ ತಂದವೆಂದು ಕಾರ್ಡಿನಲರು ಬರೆದಿದ್ದಾರೆ. ಆದರೆ ಅವರ ಸಂಗ್ರಹದಲ್ಲಿಯೇ ಕಾರವಾಜ್ಜೊ ಅವರ ಹಣ್ಣಿನ ಬುಟ್ಟಿಯ ಚಿತ್ರವೂ ಇತ್ತು. ಅದರಲ್ಲಿ ಸೇಬಿಗೆ ಹುಳು ತಗಲಿದೆ, ಎಲೆಗಳು ಒಣಗಿ ಮುದುರಿವೆ. ಇದಕ್ಕೆ ಜೊತೆಯಾಗಿ ಮತ್ತೊಂದು ಬುಟ್ಟಿಯ ಚಿತ್ರವನ್ನಿಡಲು ಅವರು ಬಯಸಿದ್ದರು. ಸರಿಸಮವಾದುದು ಸಿಗದೆ ಅದು ಒಂಟಿಯಾಗಿಯೇ ಉಳಿಯಿತೆಂದು 1625ರಲ್ಲಿ ದಾಖಲಿಸಿದರು. ಬಾಡದ ಹೂವನ್ನು ಬಯಸಿದ ಕಣ್ಣೇ ಮುದುರಿದ ಎಲೆಯ ಮುಂದೆಯೂ ತಲೆಬಾಗಿತು.

ಅದೇ ಶತಮಾನದಲ್ಲಿ ಪ್ರೊಟೆಸ್ಟಂಟ್ ಹಾಲೆಂಡಿನ ಅನುಭವ ಇನ್ನಷ್ಟು ಕಠಿಣವಾಗಿತ್ತು. ಅಲ್ಲಿ ಟ್ಯೂಲಿಪ್ ಗೆಡ್ಡೆಗಳ ವ್ಯಾಪಾರ ಹುಚ್ಚಾಗಿ ಬೆಳೆದು, 1637ರ ಫೆಬ್ರವರಿಯಲ್ಲಿ ಬೆಲೆಗಳು ಒಮ್ಮೆಲೇ ಕುಸಿದವು. ಹೆಚ್ಚು ಬೆಲೆ ಬಾಳುತ್ತಿದ್ದ ಹೂಗಳ ದಳಗಳಲ್ಲಿ ಜ್ವಾಲೆಯಂಥ ಗೆರೆಗಳಿದ್ದವು. ಆ ಗೆರೆಗಳಿಗೆ ಕಾರಣ ಗಿಡಹೇನುಗಳಿಂದ ಹರಡುವ ವೈರಸ್ ಎಂದೂ, ಅದು ಗೆಡ್ಡೆಯನ್ನು ದುರ್ಬಲಗೊಳಿಸುತ್ತದೆಂದೂ ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಹಣಕ್ಕೆ ಕೊಂಡವರು ಅರಿಯದೆ ರೋಗದ ಗುರುತಿಗೇ ಬೆಲೆ ತೆತ್ತಿದ್ದರು.

ಈ ಕುಸಿತವಾದಾಗ ಮರಿಯ ಫಾನ್ ಓಸ್ಟರ್‌ವೈಕ್ ಇನ್ನೂ ಬಾಲಕಿ. ಡೆಲ್ಫ್ಟ್ ಸಮೀಪದ ನೂಟ್‌ಡಾರ್ಪ್‌ನಲ್ಲಿ 1630ರಲ್ಲಿ ಹುಟ್ಟಿದ ಈಕೆ ರಿಫಾರ್ಮ್ಡ್ ಸಭೆಯ ಬೋಧಕರೊಬ್ಬರ ಮಗಳು. ಈಗ ವಿಯೆನ್ನಾದಲ್ಲಿರುವ ಆಕೆಯ 1668ರ ಚಿತ್ರದಲ್ಲಿ ತಲೆಬುರುಡೆ, ಆಕಾಶಗೋಳ, ಧಾನ್ಯದ ತೆನೆ ಕಡಿಯುವ ಇಲಿ, ಇವುಗಳ ಪಕ್ಕದಲ್ಲಿ ಹೂದಾನಿ ಇವೆ. ಎಲ್ಲವೂ ವ್ಯರ್ಥವೆಂಬ ಪ್ರಸಂಗಿಯ ಬೋಧನೆ ಅಲ್ಲಿ ಎದ್ದು ಕಾಣುತ್ತದೆ. ಆದರೆ ಹೂವು ಕೇವಲ ವ್ಯರ್ಥವೇ ಆಗಿದ್ದರೆ ಒಂದೊಂದು ದಳಕ್ಕೂ ಅಷ್ಟು ತಾಳ್ಮೆಯನ್ನು ವ್ಯಯಿಸುವ ಅಗತ್ಯವಿರಲಿಲ್ಲ. ವಿಷಯ ಎಚ್ಚರಿಕೆಯನ್ನು ಹೇಳಿದರೆ, ಕುಂಚದ ಶ್ರದ್ಧೆ ಕೃತಜ್ಞತೆಯನ್ನು ಹೇಳುತ್ತದೆ.

ಈ ಚರಿತ್ರೆಯಿಂದ ರೋಗವನ್ನಾಗಲಿ ಮರಣವನ್ನಾಗಲಿ ಸುಂದರವೆಂದು ಹೊಗಳುವ ಅಧಿಕಾರ ನಮಗೆ ಬರುವುದಿಲ್ಲ. ಮರಣವು ಕಡೆಯ ಶತ್ರುವೆಂದೇ ಪೌಲನು ಬರೆದನು; ಲಾಜರನ ಸಮಾಧಿಯ ಹತ್ತಿರ ಕರ್ತನು ಅತ್ತನು. ಇಲ್ಲಿ ನಾವು ಕಲಿಯುವುದು ಇಷ್ಟು: ಬಾಡುವಿಕೆ ದೇವರು ಕೊಟ್ಟ ಚೆಲುವನ್ನು ಸುಳ್ಳು ಮಾಡುವುದಿಲ್ಲ. ನವೆಂಬರ್ 2ರಂದು ಸಮಾಧಿಗಳ ಮೇಲೆ ಹೂವಿಡುವ ನಮ್ಮ ಜನರು ಇದನ್ನು ಬಲ್ಲರು. ಸಂಜೆಯ ಹೊತ್ತಿಗೆ ಬಾಡುವುದೆಂದು ತಿಳಿದೇ ಅವರು ತಾಜಾ ಹೂವನ್ನು ತರುತ್ತಾರೆ.

ಆದುದರಿಂದ ಯೆಶಾಯ 40ನ್ನು ಬೋಧಿಸುವಾಗ ನಾವು ಆರನೆಯ ವಚನವನ್ನು ಆತುರದಿಂದ ದಾಟಿ ಎಂಟನೆಯದಕ್ಕೆ ಹೋಗದಿರೋಣ. ದೇವರ ವಾಕ್ಯವು ಸದಾಕಾಲ ನಿಲ್ಲುವುದೆಂದು ಸಾರುವ ಮುನ್ನ, ಮಣ್ಣಿಗೆ ಒಪ್ಪಿಸಲಿರುವ ಆ ಒಬ್ಬ ಮನುಷ್ಯನಲ್ಲಿ ದೇವರು ಯಾವ ಹೆಸೆದನ್ನು ಅರಳಿಸಿದ್ದನೆಂದು ಮನೆಯವರಿಂದ ಕೇಳಿ ತಿಳಿದು, ಅದನ್ನು ಸಭೆಯ ಮುಂದೆ ಹೆಸರಿಟ್ಟು ಹೇಳೋಣ.