ಮುಲ್ಕೀ ಪರೀಕ್ಷೆಯಿಂದ ಮಹಾವಿದ್ಯಾಲಯದ ವರೆಗೆ

ಶ್ರೀಮಠದ ಭಕ್ತರೂ ಶಿಷ್ಯಬಾಂಧವರೂ ಇಂಥ ಮಹೋತ್ಸವದ ಸಂದರ್ಭದಲ್ಲಿ ಮಠಗಳು ಮಾಡಿದ ವಿದ್ಯಾದಾನವನ್ನು ಕೊಂಡಾಡುವದು ಸಹಜವಾದದ್ದೇ. ಆದರೆ ವಿದ್ಯಾದಾನವೆಂಬ ಒಂದೇ ಮಾತಿನಲ್ಲಿ ಎರಡು ಕಾರ್ಯಗಳು ಅಡಗಿರುತ್ತವೆ. ಶಾಲೆಯನ್ನು ತೆರೆದು ಅಕ್ಷರ ಕಲಿಸುವದು ಒಂದು; ಶಾಲೆಯನ್ನು ಮುಗಿಸಿದ ಮಗುವನ್ನು ಕೈಹಿಡಿದು ಮುಂದಿನ ವಿದ್ಯೆಗೂ ಮುಂದಿನ ವೃತ್ತಿಗೂ ದಾಟಿಸುವದು ಇನ್ನೊಂದು. ಮೊದಲನೆಯದರ ಚರಿತ್ರೆಯನ್ನು ಬಲ್ಲವರು ಬಹುಜನ. ಎರಡನೆಯದನ್ನು ಕುರಿತು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು, ನಾಲ್ಕು ಮಾತು ಅರಿಕೆ ಮಾಡುವೆನು.

ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಒಬ್ಬ ಬಡ ಜಂಗಮ ಬಾಲಕನು ಹುಟ್ಟಿದನು. ಹೆಸರು ಹಾಲಯ್ಯ. ಆ ಕಾಲಕ್ಕೆ ಹಳ್ಳಿಯ ಹುಡುಗನಿಗೆ ಕನ್ನಡ ಶಾಲೆಯ ಕಡೆಯ ಮೆಟ್ಟಿಲು ಮುಲ್ಕೀ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವನಿಗೆ ಶಾಲಾಮಾಸ್ತರಿಕೆಯೋ ತಲಾಟಿಯ ಕೆಲಸವೋ ದೊರೆಯಬಹುದಾಗಿದ್ದಿತು. ಆಗದವನು ಹೊಲಕ್ಕೆ ಮರಳಬೇಕು. ಹಾಲಯ್ಯನು ಪರೀಕ್ಷೆಗೆ ಕುಳಿತನು, ತೇರ್ಗಡೆಯಾಗಲಿಲ್ಲವೆಂದು ಅವರ ಚರಿತ್ರಕಾರರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬಳಿಕ ಲಿಂಗದಹಳ್ಳಿಯ ಗಾವಠೀ ಶಾಲೆಯಲ್ಲಿ ಕೆಲಕಾಲ ಮಕ್ಕಳಿಗೆ ಓದು ಹೇಳಿದರಂತೆ. ಆ ಹುಡುಗನೇ ಮುಂದೆ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಕೂಡಿದ್ದೂ, 1909ರಲ್ಲಿ ಬದಾಮಿಯ ಹತ್ತರ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವು ಸ್ಥಾಪಿತವಾದದ್ದೂ ಅವರ ಉದ್ಯಮದಿಂದ. ಪರೀಕ್ಷೆಯ ಬಾಗಿಲಿಂದ ಹಿಂದಿರುಗಿದವರು ಪರೀಕ್ಷೆಯಾಚೆಗೂ ದಾರಿಯುಂಟೆಂಬುದನ್ನು ತಾವೇ ನಡೆದು ಕಂಡವರು. ಅವರ ಮುಂದಿನ ಕಾರ್ಯಕ್ಕೆ ಈ ಅನುಭವವೂ ಒಂದು ಕಾರಣವೆಂದು ನನ್ನ ಊಹೆ.

ಇಂಗ್ಲೀಷು ಹೈಸ್ಕೂಲಿನ ದಾರಿಯಾದರೋ ಇನ್ನೂ ಕಡಿದು. ನಮ್ಮ ಸೀಮೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದರಿಂದ 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ಕಾಲೇಜಿನ ಹೆಬ್ಬಾಗಿಲು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಮೆಟ್ರಿಕ್ ಆದವನು ಪುಣೆಗೋ ಮುಂಬಯಿಗೋ ಹೋಗಬೇಕು. ಅಲ್ಲಿ ಭಾಷೆ ಬೇರೆ, ಊಟ ಬೇರೆ, ಪರಿಚಯದವರಿಲ್ಲ. ಬುದ್ಧಿಯಿದ್ದವನಿಗೂ ಬುತ್ತಿಯಿಲ್ಲ!

ಹಿರಿಯರು ಈ ಕೊರತೆಯನ್ನು ಮೊದಲು ಹಣದಿಂದ ತುಂಬಲು ನೋಡಿದರು. 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಸೇರಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ ಹುಟ್ಟಿ, 1933ರಲ್ಲಿ ದೇಸಾಯಿಯವರ ಹೆಸರಿನ ಕಾಲೇಜನ್ನೇ ತೆರೆಯಿತು. ಇದೆಲ್ಲ ಎಲ್ಲರೂ ಬಲ್ಲ ಸಂಗತಿ.

ಆದರೆ ವಿದ್ಯಾರ್ಥಿವೇತನದಿಂದ ಫೀ ಕಟ್ಟಬಹುದು. ದಿನಕ್ಕೆ ಎರಡು ಹೊತ್ತಿನ ಊಟ ಎಲ್ಲಿಂದ ಬರಬೇಕು? ಇಲ್ಲಿ ಮಠಗಳು ಮುಂದೆ ಬಂದವು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳು ನಡೆಯಿಸಿದ ಉಚಿತ ಪ್ರಸಾದನಿಲಯವನ್ನು ನೆನೆಯದ ಹಳೆಯ ವಿದ್ಯಾರ್ಥಿಗಳಿಲ್ಲ. ಭಕ್ತರ ಮನೆಯ ಜೋಳ ಮಠದ ಕಣಜಕ್ಕೆ ಬಂದು, ಅಲ್ಲಿಂದ ರೊಟ್ಟಿಯಾಗಿ ವಿದ್ಯಾರ್ಥಿಯ ತಾಟಿಗೆ ಬಂದಿತು. ನಮ್ಮ ಮೂರೂ ಊರುಗಳು ಹುಬ್ಬಳ್ಳಿ-ಹರಿಹರದ ರೇಲ್ವೆ ದಾರಿಯ ಮೇಲಿರುವದರಿಂದ ಹುಡುಗನು ಧಾರವಾಡ ಮುಟ್ಟುವದು ಕಠಿಣವಿರಲಿಲ್ಲ. ಅಲ್ಲಿ ನಿಲ್ಲುವದು ಕಠಿಣವಾಗಿದ್ದಿತು. ಆ ನಿಲ್ಲುವ ನೆಲೆಯನ್ನು ಮಠ ಕೊಟ್ಟಿತು. ಒಂದು ಮಾತನ್ನು ಇಲ್ಲಿ ಮರೆಮಾಡಲಾರೆ: ಆ ಕಾಲದ ಪ್ರಸಾದನಿಲಯಗಳು ಬಹುಮಟ್ಟಿಗೆ ಬಾಲಕರವೇ. ಅಕ್ಕಮಹಾದೇವಿಯ ಹೆಸರನ್ನು ನಿತ್ಯವೂ ಹೇಳುವ ನಾವು ಹೆಣ್ಣುಮಕ್ಕಳಿಗೆ ಕೋಣೆ ಕಟ್ಟಲು ತಡಮಾಡಿದೆವು.

ಊಟವಾಯಿತು, ವಸತಿಯಾಯಿತು. ಮೂರನೆಯದೊಂದು ಉಂಟು: ಯಾವ ಹುಡುಗನು ಏತಕ್ಕೆ ತಕ್ಕವನೆಂದು ನೋಡಿ ಹೇಳುವ ಕಣ್ಣು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕ ಗದಿಗೆಯ್ಯನನ್ನು ಯಾವ ಪರೀಕ್ಷೆಯೂ ತೇರ್ಗಡೆ ಮಾಡುತ್ತಿರಲಿಲ್ಲ. ಕುಮಾರಸ್ವಾಮಿಗಳು ಅವನ ಕಣ್ಣನ್ನು ನೋಡಲಿಲ್ಲ, ಕಂಠವನ್ನು ಕೇಳಿದರು, ಸಂಗೀತಕ್ಕೆ ಹಾಕಿದರು. ಅವನ ಕಲಿಕೆ ಮೈಸೂರಿನವರೆಗೂ ನಡೆಯಿತು. ಅವನೇ ಪಂಚಾಕ್ಷರಿ ಗವಾಯಿಗಳು. ತಾನು ಪಡೆದುದನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೇರೆ ಅಂಧ ಬಾಲಕರಿಗೆ ಹಂಚಿದರು. ಇಂದು ಪೇಟೆಯಲ್ಲಿ ಹಣ ತೆತ್ತು ಪಡೆಯುವ ವೃತ್ತಿಮಾರ್ಗದರ್ಶನವು ಇದಕ್ಕಿಂತ ಹೆಚ್ಚಿನದೇನೂ ಅಲ್ಲ.

ರಾಣೆಬೆನ್ನೂರು ತಾಲೂಕಿನ ಕುರಗುಂದದಲ್ಲಿ 1921ರಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರ ವಿದ್ಯಾಭ್ಯಾಸದ ನಕಾಶೆ ನಮ್ಮ ಸೀಮೆಯದೇ ನಕಾಶೆ. ಹಲಗೇರಿಯಲ್ಲಿ ಪ್ರಾಥಮಿಕ, ಮುಂದೆ ಬ್ಯಾಡಗಿ, ಹಾವೇರಿ, ಧಾರವಾಡ, ಬೆಳಗಾವಿಯಲ್ಲಿ ಕಾಯಿದೆ, ಕಡೆಗೆ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕಾವಿದ್ಯೆ. ಕಾಯಿದೆ ಓದಿದವರು ಪತ್ರಿಕೆ ನಡೆಯಿಸಿ ಹೆಸರಾದರು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಮುಂಬಯಿಯ ಹಂಗು ಹರಿಯಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ರಾಣೆಬೆನ್ನೂರಿನಲ್ಲಿ 1980ರಿಂದ ತರಳಬಾಳು ಜಗದ್ಗುರುಗಳ ಹೆಸರಿನ ಇಂಜಿನಿಯರಿಂಗ ಕಾಲೇಜು, ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಹಾವೇರಿಯಲ್ಲಿ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ. ದೂರವು ಅಳಿಯಿತು. ಹಾಗಾದರೆ ಅಡ್ಡಿ ಅಳಿಯಿತೇ? ಇಲ್ಲ, ಅದು ಕಾಗದದೊಳಗೆ ಹೊಕ್ಕು ಕುಳಿತಿದೆ.

1994ರಿಂದ ವೃತ್ತಿಶಿಕ್ಷಣದ ಪ್ರವೇಶಕ್ಕೆ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಲಿದೆ. ಅದರಲ್ಲಿ 1ರಿಂದ 10ನೆಯ ತರಗತಿಯ ವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸ್ಥಾನಗಳು ಮೀಸಲು. ಕೃಷಿ ಪದವಿಗೆ ರೈತರ ಮಕ್ಕಳಿಗೆ ಬೇರೆ ಪಾಲೇ ಉಂಟು. ಅದಕ್ಕಾಗಿ ಬೆಳೆ, ಬೀಜಗಳ ತಿಳಿವನ್ನು ನೋಡುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ಹೊಲದಲ್ಲಿ ಬೆಳೆದ ಹುಡುಗಿಗೆ ಈ ಪರೀಕ್ಷೆಯೊಂದು ಆಟ. ಆದರೆ ಅದಿದೆಯೆಂದು ಅವಳಿಗೆ ಹೇಳುವವರು ಯಾರು? ಹತ್ತನೆಯ ತರಗತಿ ಮುಗಿದೊಡನೆ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಆರಿಸಬೇಕು. ವಿಜ್ಞಾನವನ್ನು ಬಿಟ್ಟವಳಿಗೆ ಕೃಷಿ ಪದವಿಯ ಈ ಬಾಗಿಲು ಆಗಲೇ ಮುಚ್ಚಿತು.

ಪರೀಕ್ಷೆಗಳು ಬರುವ ಮಾರ್ಚ ತಿಂಗಳಲ್ಲಿಯೇ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಸುಗ್ಗಿ. ತೊಟ್ಟು ಬಿಡಿಸುವ ಕೆಲಸಕ್ಕೆ ತಾಯಿ ಹೋಗಿರುತ್ತಾಳೆ. ಮಗಳ ಅರ್ಜಿಯನ್ನು ಓದಿ ನೋಡಲು ಅವಳಿಗೆ ಹೊತ್ತೂ ಇಲ್ಲ, ಓದೂ ಇಲ್ಲ. ಹಳ್ಳಿಯಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ದಾಖಲೆ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಕುಳಿತವಳು ಆ ಒಂದು ಹಾಳೆಯಿಲ್ಲದೆ, ಪಟ್ಟಣದ ಮಕ್ಕಳ ಸಾಲಿನಲ್ಲಿ ಹಿಂದೆ ನಿಲ್ಲುತ್ತಾಳೆ. ನಮ್ಮ ಪ್ರಸಾದನಿಲಯದ ಪಡಸಾಲೆಯಲ್ಲಿ ಫೆಬ್ರುವರಿ ತಿಂಗಳಿನಿಂದ ವಾರಕ್ಕೊಂದು ಸಂಜೆ ನಿವೃತ್ತ ಮಾಸ್ತರರೊಬ್ಬರೂ ಕಾಲೇಜಿನಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಿಬ್ಬರೂ ಕುಳಿತರೆ ಸಾಕು. ಮೇಜು, ಕಂದೀಲು, ಚಾಪೆ ಎಲ್ಲವೂ ಅಲ್ಲಿ ಮೊದಲೇ ಇವೆ.